ನೀರು ಎಷ್ಟು ಗಂಟೆಗೆ ಬರುತ್ತದೆ?

(ಏಪ್ರಿಲ್ 24ರ ಪಂಚಾಯತ್ ರಾಜ್ ದಿನದ ನಿಮಿತ್ತ ತಾಲ್ಲೂಕು ಕೇಂದ್ರವೊಂದರ ಪದವಿ ಕಾಲೇಜಿನಲ್ಲಿ ಆಡಿದ ಮಾತುಗಳ ಬರಹ ರೂಪ. ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನಷ್ಟೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯವನ್ನು ‘ಅಭಿವೃದ್ಧಿಶೀಲ ಪ್ರಜಾಪ್ರಭುತ್ವಗಳಲ್ಲಿ ಮಹಿಳೆಯರ ರಾಜಕೀಯ ಪಾಲ್ಗೊಳ್ಳುವಿಕೆ ಮತ್ತು ಆರ್ಥಿಕ ಬೆಳವಣಿಗೆ’ ಎಂದು ಅಚ್ಚು ಹಾಕಿಸಿದ್ದೀರಿ. ಓದಿ ಮುಗಿಸುವಷ್ಟರಲ್ಲಿ ಉಸಿರು ಕಟ್ಟುತ್ತದೆ. ಅದನ್ನು ಪಕ್ಕಕ್ಕಿಟ್ಟು ಒಂದು ಸಣ್ಣ ಪ್ರಶ್ನೆ ಕೇಳುತ್ತೇನೆ. ನಿಮ್ಮ ಊರಿನಲ್ಲಿ, ನಿಮ್ಮ ಬೀದಿಯಲ್ಲಿ, ನಲ್ಲಿ ನೀರು ಎಷ್ಟು ಗಂಟೆಗೆ ಬರುತ್ತದೆ? ಗೊತ್ತಿರುವವರು ಕೈ ಎತ್ತಿ.

(ಹುಡುಗಿಯರು ಕೂತಿದ್ದ ಎಡಗಡೆ ಹೆಚ್ಚುಕಮ್ಮಿ ಎಲ್ಲ ಕೈಗಳೂ ಮೇಲೆದ್ದವು. ಬಲಗಡೆ ಒಂಬತ್ತೋ ಹತ್ತೋ. ಮುಂದಿನ ಸಾಲಿನ ಅಧ್ಯಾಪಕರೊಬ್ಬರು ಪಕ್ಕದವರನ್ನು ಕೇಳುತ್ತಿದ್ದರು.)

ಸರಿ, ಇಳಿಸಿ. ನನ್ನ ಉಪನ್ಯಾಸದ ಅರ್ಧ ಇಲ್ಲಿಗೇ ಮುಗಿಯಿತು. ಈ ಕೈಗಳಿಗೂ ಪಂಚಾಯಿತಿಯ ದುಡ್ಡಿಗೂ ಏನು ಸಂಬಂಧ ಅನ್ನುವುದು ಉಳಿದರ್ಧ.

ಕೆಲವು ವರ್ಷಗಳ ಹಿಂದೆ ತುಮಕೂರು ಜಿಲ್ಲೆಯ ಬಯಲುಸೀಮೆಯ ಒಂದು ಗ್ರಾಮ ಪಂಚಾಯಿತಿಗೆ ಹೋಗಿದ್ದೆ. ಊರಿನ ಹೆಸರು ಬೇಡ. ಚುನಾಯಿತ ಸದಸ್ಯರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಕಾಗದದ ಮೇಲೆ ನನ್ನನ್ನು ‘ಸಂಪನ್ಮೂಲ ವ್ಯಕ್ತಿ’ ಅನ್ನುತ್ತಾರೆ, ಬಸ್ ಚಾರ್ಜು ಬಿಟ್ಟರೆ ನನ್ನ ಹತ್ತಿರ ಯಾವ ಸಂಪನ್ಮೂಲವೂ ಇರುವುದಿಲ್ಲ. ಆ ಪಂಚಾಯಿತಿಯ ಅಧ್ಯಕ್ಷೆ ಮೀಸಲು ಸ್ಥಾನದಿಂದ ಬಂದವರು. ಗೆಲ್ಲುವ ಹಿಂದಿನ ವಾರದವರೆಗೂ ಕಡಲೆಕಾಯಿ ಹೊಲದಲ್ಲಿ ಕಳೆ ಕೀಳಲು ಹೋಗುತ್ತಿದ್ದರಂತೆ. ನಾನು ಕ್ರಿಯಾ ಯೋಜನೆ ಎಂದರೇನು, ಹಣಕಾಸು ಆಯೋಗದ ಅನುದಾನವನ್ನು ಯಾವ ಬಾಬ್ತಿಗೆ ಎಷ್ಟು ಇಡಬೇಕು ಎಂದು ವಿವರಿಸುತ್ತಿದ್ದೆ. ಆ ವರ್ಷದ ಪಟ್ಟಿ ಮೇಜಿನ ಮೇಲಿತ್ತು: ಸಿಸಿ ರಸ್ತೆ, ಚರಂಡಿ, ಸಮುದಾಯ ಭವನದ ಕಾಂಪೌಂಡು, ದೇವಸ್ಥಾನದ ಮುಂದೆ ಹೈಮಾಸ್ಟ್ ದೀಪ. ಆಕೆ ಪಟ್ಟಿಯ ಕಡೆ ನೋಡಲೇ ಇಲ್ಲ.

‘ಮೇಡಮ್ಮೋರೆ, ನಮ್ ಕಾಲೋನಿಗೆ ನೀರು ಬಿಡೋದು ಹನ್ನೊಂದು ಗಂಟೆಗೆ. ಕೂಲಿಗೆ ಹೋಗೋ ಟೆಂಪೊ ಎಂಟಕ್ಕೇ ಹೊಂಟೋಯ್ತದೆ. ಇದ್ಕೆ ಯಾವ ಫಂಡು ಬತ್ತದೆ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ಕೈಪಿಡಿಯಲ್ಲಿ ಕೊಳವೆಬಾವಿಗೆ ದುಡ್ಡಿತ್ತು, ಪೈಪ್‌ಲೈನಿಗೆ ದುಡ್ಡಿತ್ತು, ಗಂಟೆ ಬದಲಾಯಿಸುವುದಕ್ಕೆ ಬಾಬ್ತು ಇರಲಿಲ್ಲ. ಆಕೆಯೇ ನೀರುಗಂಟಿಯನ್ನು ಕರೆಸಿದರು. ರಾತ್ರಿ ತ್ರೀಫೇಸ್ ಕರೆಂಟು ಬಂದಾಗ ಮೋಟಾರು ಓಡುತ್ತದೆ, ಬೆಳಗಿನ ಜಾವದ ಹೊತ್ತಿಗೆ ಟ್ಯಾಂಕು ತುಂಬಿರುತ್ತದೆ. ಆರಕ್ಕೆ ಊರೊಳಗಿನ ವಾಲ್ವು ತಿರುಗಿಸಿ ಆತ ಮನೆಗೆ ಹೋಗುತ್ತಾನೆ. ‘ಡೈರಿಗೆ ಹಾಲಾಕಿ, ಹಸಿಗೆ ಹುಲ್ಲಾಕಿ, ತಿಂಡಿ ತಿಂದ್ಕಂಡು ಕಾಲೋನಿ ವಾಲ್ವಿಗೆ ಬರೋ ಹೊತ್ಗೆ ಅಷ್ಟಾಯ್ತದೆ ಕಣಕ್ಕ. ಇಷ್ಟ್ ವರ್ಷ ಯಾರೂ ಕೇಳ್ನಿಲ್ಲ’ ಅಂದ. ಸುಳ್ಳೇನಲ್ಲ, ಕೇಳಿರಲಿಲ್ಲ. ಹಿಂದಿನ ಅಧ್ಯಕ್ಷರೆಲ್ಲ ಊರೊಳಗಿನವರು, ಅವರ ಮನೆಗೆ ಆರಕ್ಕೇ ನೀರು. ಕಾಲೋನಿ ಅಂದರೆ ಯಾರ ಕಾಲೋನಿ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಮಾರನೆಯ ದಿನದಿಂದ ಕಾಲೋನಿಗೆ ಐದೂವರೆಗೆ, ಊರಿಗೆ ಆರೂವರೆಗೆ ಎಂದಾಯಿತು. ಸುಲಭಕ್ಕೆ ಆಗಲಿಲ್ಲ. ಅರ್ಧ ಗಂಟೆ ತಡವಾದದ್ದಕ್ಕೆ ಊರೊಳಗೆ ಹದಿನೈದು ದಿನ ಗಲಾಟೆ, ಪಂಚಾಯಿತಿ ಬಾಗಿಲಲ್ಲಿ ನಿಂತು ಕೂಗಾಟ. ಆಮೇಲೆ ಒಗ್ಗಿಕೊಂಡರು. ಖರ್ಚಾದ ಸರ್ಕಾರಿ ಹಣ ಸೊನ್ನೆ.

ಇದನ್ನು ಆರ್ಥಿಕ ಬೆಳವಣಿಗೆ ಅನ್ನಬಹುದೇ? ಲೆಕ್ಕ ಹಾಕೋಣ. ಒಂದು ಕಾಲೋನಿಯಲ್ಲಿ ನೂರು ಮನೆ ಅಂತಿಟ್ಟುಕೊಳ್ಳಿ. ನೀರಿನ ದೆಸೆಯಿಂದ ಮನೆಗೊಬ್ಬ ಹೆಂಗಸು ವಾರಕ್ಕೆ ಎರಡು ದಿನ ಕೂಲಿ ತಪ್ಪಿಸಿಕೊಂಡರೆ ವಾರಕ್ಕೆ 200 ಆಳಿನ ಕೂಲಿ ಹೋಯಿತು. ಉದ್ಯೋಗ ಖಾತ್ರಿಯಲ್ಲಿ ಕರ್ನಾಟಕಕ್ಕೆ 2025–26ರಲ್ಲಿ ಗೊತ್ತುಮಾಡಿದ್ದ ದಿನಗೂಲಿ 370 ರೂಪಾಯಿ. ಆ ದರದಲ್ಲಿ ವಾರಕ್ಕೆ 74 ಸಾವಿರ, ವರ್ಷಕ್ಕೆ 38 ಲಕ್ಷ ದಾಟುತ್ತದೆ. ಇದು ನಾನು ನಿಂತ ಕಾಲಲ್ಲಿ ಹಾಕಿದ ಲೆಕ್ಕ, ಪರೀಕ್ಷೆಯಲ್ಲಿ ಬರೆಯಬೇಡಿ. ಆದರೆ ಒಂದು ವಾಲ್ವಿನ ಗಂಟೆ ತಿರುಗಿದರೆ ಒಂದು ಕಾಲೋನಿಯ ವರ್ಷದ ಆದಾಯ ಎಷ್ಟು ಅಲ್ಲಾಡಬಹುದು ಅನ್ನುವ ಅಂದಾಜು ಸಿಗುತ್ತದೆ.

ದೇಶದ ಮಟ್ಟದ ಅಂಕಿಗಳಿಗೆ ಬರೋಣ. ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆ 2024ರದ್ದನ್ನು ನೋಡಿ. ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. 2019ರ ಸಮೀಕ್ಷೆಯಲ್ಲಿ ಇದು 299 ಮತ್ತು 97 ಇತ್ತು. ಐದು ವರ್ಷದಲ್ಲಿ ಹೆಂಗಸರಿಗೆ ಹತ್ತು ನಿಮಿಷ ಉಳಿಯಿತು ಎಂದು ಖುಷಿಪಡುವ ಮೊದಲು ಗಂಡಸರೂ ಒಂಬತ್ತು ನಿಮಿಷ ಉಳಿಸಿಕೊಂಡದ್ದನ್ನು ನೋಡಿ! ಹದಿನೈದು ವರ್ಷ ಮೇಲ್ಪಟ್ಟ ಹೆಂಗಸರಲ್ಲಿ ದುಡಿಯುವ ಅಥವಾ ದುಡಿಮೆ ಹುಡುಕುವವರ ಪ್ರಮಾಣ 2017–18ರಲ್ಲಿ ಶೇ 23.3 ಇದ್ದದ್ದು 2023–24ಕ್ಕೆ ಶೇ 41.7ಕ್ಕೆ ಏರಿದೆ ಎಂದು ಸರ್ಕಾರದ ಇನ್ನೊಂದು ಸಮೀಕ್ಷೆ ಹೇಳುತ್ತದೆ. ಈ ಏರಿಕೆಯಲ್ಲಿ ಸ್ವಂತ ಹೊಲ, ಮನೆಯ ಹಸು, ಸಂಬಳ ಕಾಣದ ದುಡಿಮೆಯ ಪಾಲು ದೊಡ್ಡದು ಅನ್ನುವುದನ್ನು ಮರೆಯಬಾರದು. ಅಂದರೆ ದುಡಿಮೆ ಹೆಚ್ಚಿದೆ, ಮನೆಗೆಲಸ ಹೆಚ್ಚೇನೂ ಇಳಿದಿಲ್ಲ. ಆ 289 ನಿಮಿಷದೊಳಗೆ ಕೈ ಹಾಕಬಲ್ಲ ಸರ್ಕಾರ ದಿಲ್ಲಿಯದ್ದಲ್ಲ, ವಿಧಾನಸೌಧದ್ದೂ ಅಷ್ಟಾಗಿ ಅಲ್ಲ. ನೀರು, ಬೀದಿದೀಪ, ಅಂಗನವಾಡಿಯ ಕಟ್ಟಡ, ಸ್ಮಶಾನದ ದಾರಿ, ಇವೆಲ್ಲ ಗ್ರಾಮ ಪಂಚಾಯಿತಿಯ ಮೇಜಿನ ಮೇಲೆ ಬರುವ ವಿಷಯಗಳು.

ಆ ಮೇಜಿನ ಸುತ್ತ ಹೆಂಗಸರು ಬಂದು ಕೂತ ಕಥೆಯಲ್ಲಿ ನಮ್ಮ ನಾಡಿನ ಪಾಲು ದೊಡ್ಡದು. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ 1926ರಲ್ಲೇ ಮದ್ರಾಸು ವಿಧಾನ ಪರಿಷತ್ತಿಗೆ ಸ್ಪರ್ಧಿಸಿ ಸ್ವಲ್ಪದರಲ್ಲಿ ಸೋತರು. 1970ರ ದಶಕದಲ್ಲಿ ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮ ವಿಧಾನಸಭೆಯ ಸ್ಪೀಕರ್ ಆಗಿದ್ದರು. ಇವೆಲ್ಲ ಒಂಟಿ ಮರಗಳು. ತೋಪು ಬೆಳೆದದ್ದು ರಾಮಕೃಷ್ಣ ಹೆಗಡೆಯವರ ಸರ್ಕಾರ ತಂದ ಪಂಚಾಯತ್ ಕಾನೂನಿನಿಂದ. ಅದರ ಹಿಂದಿದ್ದವರು ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್, ಅವರೂ ಗುಂಡ್ಲುಪೇಟೆಯವರೇ. ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿದ್ದಕ್ಕೆ ಜನ ಅವರನ್ನು ‘ನೀರು ಸಾಬ್’ ಅಂತಲೇ ಕರೆದರು. 1983ರ ಆ ಕಾನೂನು ಹೆಂಗಸರಿಗೆ ಶೇ 25 ಸ್ಥಾನ ಇಟ್ಟಿತು. 1987ರ ಜನವರಿಯಲ್ಲಿ ಚುನಾವಣೆ ನಡೆದಾಗ ಹದಿನಾಲ್ಕು ಸಾವಿರದಷ್ಟು ಹೆಂಗಸರು ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಬಂದರು. ಸಂವಿಧಾನಕ್ಕೆ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಏಪ್ರಿಲ್ 24ಕ್ಕೆ, ಅಂದರೆ ನಮ್ಮ ರಾಜ್ಯ ಅದನ್ನು ಮಾಡಿ ತೋರಿಸಿ ಆರು ವರ್ಷವಾದ ಮೇಲೆ. ಆ ವರ್ಷದ ಕೊನೆಗೆ ಹೊಸ ಕಾನೂನಿನಡಿ ಚುನಾವಣೆ ನಡೆದಾಗ ಮೀಸಲಾತಿ ಇದ್ದದ್ದು ಮೂರನೇ ಒಂದು ಪಾಲು, ಗೆದ್ದ ಹೆಂಗಸರು ಶೇ 40ಕ್ಕೂ ಹೆಚ್ಚು. 2010ರಿಂದ ಮೀಸಲಾತಿಯೇ ಅರ್ಧ.

ನೀರಿಗೂ ಮಹಿಳಾ ಮೀಸಲಾತಿಗೂ ಒಂದೇ ಹೆಸರು ತಳುಕು ಹಾಕಿಕೊಂಡಿರುವುದು ನನಗೆ ಕಾಕತಾಳೀಯ ಅನ್ನಿಸುವುದಿಲ್ಲ. ಹೆಂಗಸರು ಅಧ್ಯಕ್ಷರಾದರೆ ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ಗಟ್ಟಿಯಾಗಿ ಅಳೆದು ನೋಡಿದವರು ಅರ್ಥಶಾಸ್ತ್ರಜ್ಞರಾದ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ. ಡುಫ್ಲೊಗೆ 2019ರಲ್ಲಿ ನೊಬೆಲ್ ಬಂತು. ಇವರು 2004ರಲ್ಲಿ ಪ್ರಕಟಿಸಿದ ಅಧ್ಯಯನ ಪಶ್ಚಿಮ ಬಂಗಾಳದ ಬೀರ್‌ಭೂಮ್ ಮತ್ತು ರಾಜಸ್ಥಾನದ ಉದಯಪುರದ ಪಂಚಾಯಿತಿಗಳದ್ದು. ಯಾವ ಪಂಚಾಯಿತಿಯ ಅಧ್ಯಕ್ಷ ಸ್ಥಾನ ಹೆಂಗಸರಿಗೆ ಮೀಸಲು ಅನ್ನುವುದು ಸರದಿಯ ಪ್ರಕಾರ ನಿಂತದ್ದರಿಂದ, ಮುಂದುವರಿದ ಊರುಗಳೇ ಹೆಂಗಸರನ್ನು ಆರಿಸಿಕೊಂಡವು ಎಂಬ ತಕರಾರಿಗೆ ಜಾಗವಿರಲಿಲ್ಲ. ಎರಡೂ ಕಡೆ ಹೆಂಗಸರಿದ್ದ ಪಂಚಾಯಿತಿಗಳಲ್ಲಿ ಕುಡಿಯುವ ನೀರಿನ ಕೆಲಸ ಹೆಚ್ಚು ನಡೆದಿತ್ತು.

ಆ ಅಧ್ಯಯನದಲ್ಲಿ ನನಗೆ ಇಷ್ಟವಾದದ್ದು ರಸ್ತೆಯ ಕಥೆ. ಬಂಗಾಳದಲ್ಲಿ ಅಧ್ಯಕ್ಷೆಯರು ರಸ್ತೆಗೆ ಹೆಚ್ಚು ದುಡ್ಡು ಹಾಕಿದ್ದರು, ರಾಜಸ್ಥಾನದಲ್ಲಿ ಕಡಿಮೆ. ಯಾಕೆ? ಬಂಗಾಳದಲ್ಲಿ ರಸ್ತೆ ಕೆಲಸದಲ್ಲಿ ಹೆಂಗಸರಿಗೆ ಕೂಲಿ ಸಿಗುತ್ತಿತ್ತು, ರಸ್ತೆ ಬೇಕು ಎಂದು ಅವರೇ ಕೇಳುತ್ತಿದ್ದರು. ರಾಜಸ್ಥಾನದಲ್ಲಿ ಕೆಲಸ ಹುಡುಕಿಕೊಂಡು ಊರು ಬಿಟ್ಟು ಓಡಾಡುವವರು ಗಂಡಸರು, ರಸ್ತೆ ಅವರ ಬೇಡಿಕೆ. ಹಾಗಾಗಿ ಹೆಂಗಸರೆಂದರೆ ತಾಯಿ ಹೃದಯ, ಅದಕ್ಕೇ ನೀರು ಕೊಡುತ್ತಾರೆ ಅನ್ನುವ ಭಾಷಣವನ್ನು ನಾನು ನಂಬುವುದಿಲ್ಲ. ಹೃದಯದ ಮಾತಲ್ಲ ಇದು, ಕಾಲಿನ ಮಾತು. ಯಾರ ಕಾಲು ಯಾವ ದಾರಿ ಸವೆಸುತ್ತದೋ ಅವರಿಗೆ ಆ ದಾರಿಯ ಗುಂಡಿ ಗೊತ್ತು. ನಮ್ಮ ಅಧ್ಯಕ್ಷೆಗೆ ಹನ್ನೊಂದು ಗಂಟೆ ಗೊತ್ತಿದ್ದದ್ದು ಹಾಗೆ.

ಈಗ ಹಿಂದಿನ ಸಾಲಿನಲ್ಲಿ ಯಾರೋ ಮನಸ್ಸಿನಲ್ಲೇ ಅಂದುಕೊಳ್ಳುತ್ತಿರುತ್ತೀರಿ, ‘ಮೇಡಂ, ನಮ್ಮೂರಲ್ಲಿ ಅಧ್ಯಕ್ಷೆ ಹೆಸರಿಗೆ ಮಾತ್ರ, ಆಡಳಿತ ನಡೆಸೋದು ಗಂಡ.’ ಗೊತ್ತು. ಉತ್ತರ ಭಾರತದಲ್ಲಿ ಇದಕ್ಕೆ ‘ಸರಪಂಚ ಪತಿ’ ಅಂತ ಹುದ್ದೆಯನ್ನೇ ಕೊಟ್ಟುಬಿಟ್ಟಿದ್ದಾರೆ. ನಾನು ಹೋದ ಪಂಚಾಯಿತಿಗಳಲ್ಲೂ ಕಂಡಿದ್ದೇನೆ. ಅಧ್ಯಕ್ಷೆಯ ಕುರ್ಚಿಯ ಪಕ್ಕ ಇನ್ನೊಂದು ಕುರ್ಚಿ, ಅದರ ಮೇಲೆ ಬಿಳಿ ಷರಟು. ಸದಸ್ಯರು ಫೋನ್ ಮಾಡುವುದು ಆ ಷರಟಿಗೆ. ನಮ್ಮಲ್ಲಿ ಪಂಚಾಯಿತಿಯ ದುಡ್ಡು ಹೊರಗೆ ಹೋಗಬೇಕಾದರೆ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಮತ್ತು ಅಧ್ಯಕ್ಷರು ಇಬ್ಬರದ್ದೂ ಒಪ್ಪಿಗೆ ಬೇಕು. ಮೊದಲು ಚೆಕ್ಕಿಗೆ ಸಹಿ, ಈಗ ಪೆನ್‌ಡ್ರೈವಿನಂಥ ಒಂದು ಡಿಜಿಟಲ್ ಕೀ. ಅದಕ್ಕೆ ಜನ ಇಟ್ಟ ಹೆಸರು ‘ಥಂಬ್’. ಹೆಬ್ಬೆಟ್ಟು ಅಂದರೆ ಒಂದು ಕಾಲಕ್ಕೆ ಓದುಬರಹ ಇಲ್ಲದವರನ್ನು ಹೀಯಾಳಿಸುವ ಮಾತಾಗಿತ್ತು, ಈಗ ಲಕ್ಷಾಂತರ ರೂಪಾಯಿ ಅದರಿಂದಲೇ ಹೊರಡುತ್ತದೆ! ತರಬೇತಿಗೆ ಹೋದಾಗ ನಾನು ಅಧ್ಯಕ್ಷೆಯರನ್ನು ಮೊದಲು ಕೇಳುವ ಪ್ರಶ್ನೆ ಇದು: ‘ಅಮ್ಮಾ, ನಿಮ್ಮ ಥಂಬ್ ಎಲ್ಲಿದೆ?’ ಸೊಂಟದ ಚೀಲದಿಂದ ತೆಗೆದು ತೋರಿಸಿದವರಿದ್ದಾರೆ. ‘ನಮ್ಮನೆಯೋರ ಹತ್ರ ಐತೆ’ ಅಂದವರಿದ್ದಾರೆ. ಕಂಪ್ಯೂಟರ್ ಆಪರೇಟರ್ ಡ್ರಾಯರಿನಲ್ಲೇ ಇರುತ್ತದೆ ಅಂದವರೂ ಇದ್ದಾರೆ. ನನ್ನ ಮಟ್ಟಿಗೆ ರಾಜಕೀಯ ಪಾಲ್ಗೊಳ್ಳುವಿಕೆಯನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಮಾಪಕ ಸಿಕ್ಕಿಲ್ಲ.

ಇದಕ್ಕೆ ಮದ್ದು ಎಂದು ಕೆಲವರು ಓದಿದವರನ್ನೇ ತನ್ನಿ ಅನ್ನುತ್ತಾರೆ. ಹರಿಯಾಣ ಮಾಡಿ ನೋಡಿತು. ಪಂಚಾಯಿತಿಗೆ ನಿಲ್ಲಲು ಗಂಡಸರಿಗೆ ಹತ್ತನೇ ತರಗತಿ, ಹೆಂಗಸರಿಗೂ ದಲಿತ ಗಂಡಸರಿಗೂ ಎಂಟು, ಸದಸ್ಯ ಸ್ಥಾನಕ್ಕೆ ನಿಲ್ಲುವ ದಲಿತ ಹೆಂಗಸರಿಗೆ ಐದು ಎಂದು ಷರತ್ತು ಹಾಕಿತು. 2015ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ರಾಜಸ್ಥಾನವೂ ಇಂಥದ್ದೇ ನಿಯಮ ತಂದು 2019ರಲ್ಲಿ ಹಿಂತೆಗೆದುಕೊಂಡಿತು. ಶಾಲೆ ಕಟ್ಟಿಸದೆ ಇದ್ದ ಸರ್ಕಾರ, ಶಾಲೆಗೆ ಹೋಗಲಿಲ್ಲ ಎಂದು ಅಜ್ಜಿಯರನ್ನು ಹೊರಗಿಟ್ಟದ್ದು ನನಗೆ ನ್ಯಾಯವಾಗಿ ಕಾಣುವುದಿಲ್ಲ. ಐದನೇ ಕ್ಲಾಸು ಓದಿದ ನಮ್ಮ ಅಧ್ಯಕ್ಷೆ ಹರಿಯಾಣದಲ್ಲಿದ್ದಿದ್ದರೆ ಸದಸ್ಯೆಯಾಗಬಹುದಿತ್ತೇ ಹೊರತು ಆ ಕುರ್ಚಿಗೆ ಬರುವಂತಿರಲಿಲ್ಲ.

ಹಾಗಂತ ಹೆಂಗಸರು ಬಂದ ಕಡೆಯೆಲ್ಲ ಹೊನ್ನಿನ ಮಳೆ ಸುರಿಯಿತು ಎಂದು ನಾನು ಹೇಳಿದರೆ ಅದು ಮೋಸ. ಸಂಶೋಧಕರಾದ ರಾದು ಬಾನ್ ಮತ್ತು ವಿಜಯೇಂದ್ರ ರಾವ್ ದಕ್ಷಿಣದ ನಾಲ್ಕು ರಾಜ್ಯಗಳನ್ನು ನೋಡಿ 2008ರಲ್ಲಿ ಬರೆದದ್ದು ಬೇರೆ. ಅಲ್ಲಿ ಒಟ್ಟಾರೆ ತೆಗೆದುಕೊಂಡರೆ ಅಧ್ಯಕ್ಷೆಯರ ಕೆಲಸಕ್ಕೂ ಅಧ್ಯಕ್ಷರ ಕೆಲಸಕ್ಕೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಹೆಂಗಸರು ಗಂಡಸರಿಗಿಂತ ಕೆಟ್ಟದಾಗಿಯೂ ಆಡಳಿತ ಮಾಡಲಿಲ್ಲ, ಬಿಡಿ. ಆದರೆ ಮೂರು ಸಂದರ್ಭಗಳಲ್ಲಿ ಅವರ ಕೆಲಸ ಚೆನ್ನಾಗಿತ್ತು. ರಾಜಕೀಯದ ಅನುಭವ ಇದ್ದಾಗ, ಮೇಲ್ಜಾತಿಯವರ ಹಿಡಿತ ಸಡಿಲವಾಗಿದ್ದ ಊರುಗಳಲ್ಲಿ, ಮತ್ತು ಮೀಸಲಾತಿ ಜಾರಿಗೆ ಬಂದು ಹೆಚ್ಚು ಕಾಲವಾಗಿದ್ದ ರಾಜ್ಯಗಳಲ್ಲಿ. ಈ ಮೂರರಲ್ಲಿ ಎರಡು ಬರೀ ಕಾಲದ ಪ್ರಶ್ನೆ. ಕೂತು ಕಲಿಯುವಷ್ಟು ಹೊತ್ತು ಕೊಟ್ಟರೆ ಕಲಿಯುತ್ತಾರೆ.

ನಾವು ಆ ಹೊತ್ತನ್ನು ಕೊಡುತ್ತಿದ್ದೇವೆಯೇ? ನನ್ನ ದೂರು ಶುರುವಾಗುವುದು ಇಲ್ಲಿ. 2020ರ ಡಿಸೆಂಬರ್‌ನಲ್ಲಿ ಗೆದ್ದ ಗ್ರಾಮ ಪಂಚಾಯಿತಿಗಳಲ್ಲಿ ಅಧ್ಯಕ್ಷರ ಅವಧಿ ಮೂವತ್ತು ತಿಂಗಳು. ಮೊದಲ ಆರು ತಿಂಗಳು ಯಾರು ಯಾರು ಅನ್ನುವುದು ಗೊತ್ತಾಗುವುದಕ್ಕೆ ಹೋಗುತ್ತದೆ. ಕೊನೆಯ ಆರು ತಿಂಗಳು ಮುಂದಿನ ಮೀಸಲಾತಿ ರೋಸ್ಟರ್ ಏನು ಬರುತ್ತದೆ ಎಂಬ ಲೆಕ್ಕಾಚಾರದಲ್ಲಿ ಹೋಗುತ್ತದೆ. ನಡುವೆ ಉಳಿದದ್ದು ಒಂದೂವರೆ ವರ್ಷ. ಆಕೆಗೆ ಕಡತ ಓದುವುದು, ಇಂಜಿನಿಯರನನ್ನು ಎದುರು ಹಾಕಿಕೊಳ್ಳುವುದು, ತಾಲ್ಲೂಕು ಕಚೇರಿಯಲ್ಲಿ ಯಾರ ಮೇಜಿಗೆ ಹೋಗಬೇಕು ಅನ್ನುವುದು ಕೈಗೆ ಹತ್ತುವ ಹೊತ್ತಿಗೆ ಕುರ್ಚಿ ಬೇರೆ ವರ್ಗಕ್ಕೆ ಹೋಗಿರುತ್ತದೆ. ಸರದಿ ಬೇಡ ಎಂದು ನಾನು ಹೇಳುತ್ತಿಲ್ಲ, ಸರದಿ ಇಲ್ಲದಿದ್ದರೆ ಕಾಲೋನಿಯ ಹೆಂಗಸು ಅಲ್ಲಿಗೆ ಬರುತ್ತಲೇ ಇರಲಿಲ್ಲ. ಅವಧಿ ಉದ್ದವಿರಲಿ ಅನ್ನುತ್ತಿದ್ದೇನೆ.

ಎರಡು ಸಲ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಪುರಾವೆ ಬೀರ್‌ಭೂಮ್‌ನಿಂದಲೇ ಇದೆ. 495 ಹಳ್ಳಿಗಳಲ್ಲಿ 11ರಿಂದ 15 ವರ್ಷದ ಮಕ್ಕಳನ್ನೂ ಅವರ ತಂದೆತಾಯಂದಿರನ್ನೂ ಕೇಳಿ ಮಾಡಿದ ಸಮೀಕ್ಷೆ 2012ರಲ್ಲಿ ಪ್ರಕಟವಾಯಿತು. ಮಗ ಏನಾಗಬೇಕು, ಮಗಳು ಏನಾಗಬೇಕು ಎಂದು ಕೇಳಿದಾಗ ಸಿಗುವ ಉತ್ತರಗಳ ನಡುವಿನ ಅಂತರವನ್ನು ಅಳೆದರು. ಸತತ ಎರಡು ಅವಧಿ ಹೆಂಗಸರು ಅಧ್ಯಕ್ಷರಾಗಿದ್ದ ಹಳ್ಳಿಗಳಲ್ಲಿ ಆ ಅಂತರ ತಂದೆತಾಯಂದಿರಲ್ಲಿ ಶೇ 20, ಮಕ್ಕಳಲ್ಲಿ ಶೇ 32 ಕುಗ್ಗಿತ್ತು. ಓದಿನಲ್ಲಿ ಹುಡುಗ ಹುಡುಗಿಯರ ಅಂತರ ಅಳಿಸಿಹೋಗಿತ್ತು. ಹುಡುಗಿಯರು ಮನೆಗೆಲಸಕ್ಕೆ ಕೊಡುವ ಹೊತ್ತೂ ಕಡಿಮೆಯಾಗಿತ್ತು. ಆ ಊರುಗಳಲ್ಲಿ ಹೊಸ ಕಾರ್ಖಾನೆಯೇನೂ ಬಂದಿರಲಿಲ್ಲ. ಎರಡು ಅವಧಿ ಹೆಂಗಸರು ಪಂಚಾಯಿತಿಗೆ ಹೋಗಿಬರುವುದನ್ನು ಊರು ನೋಡಿತ್ತು, ಅಷ್ಟೇ. ಮುಂಬಯಿ ಮಹಾನಗರ ಪಾಲಿಕೆಯ ಲೆಕ್ಕ ಇನ್ನೂ ನೇರ. ಒಂದು ಸಲ ಹೆಂಗಸರಿಗೆ ಮೀಸಲಾಗಿದ್ದ ವಾರ್ಡು ಮುಂದಿನ ಸಲ ಸಾಮಾನ್ಯವಾದಾಗ ಅಲ್ಲಿ ಹೆಂಗಸರು ಗೆಲ್ಲುವ ಸಾಧ್ಯತೆ ಬೇರೆ ವಾರ್ಡುಗಳಿಗಿಂತ ಸುಮಾರು ಐದು ಪಟ್ಟು ಹೆಚ್ಚು ಎಂದು ಸಂಶೋಧಕ ರಿಖಿಲ್ ಭಾವನಾನಿ ತೋರಿಸಿದ್ದಾರೆ.

ಮೀಸಲಾತಿಯಿಂದ ಬಂದವರು ಮುಂದೆ ಎಲ್ಲಿಗೆ ಹೋಗಬೇಕು? ಗ್ರಾಮ ಪಂಚಾಯಿತಿ ಮೊದಲ ಮೆಟ್ಟಿಲಾದರೆ, ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿ ನಡುವಿನ ಮೆಟ್ಟಿಲುಗಳು. ಅಲ್ಲೂ ಅರ್ಧ ಸ್ಥಾನ ಹೆಂಗಸರದ್ದೇ. ಪಕ್ಷದ ಚಿಹ್ನೆಯಡಿ ಚುನಾವಣೆ ನಡೆಯುವುದು ಅಲ್ಲಿಂದ ಮೇಲೆ. ಗ್ರಾಮ ಪಂಚಾಯಿತಿಗೆ ಪಕ್ಷ ಇಲ್ಲ, ಬಿ ಫಾರಂ ಬೇಡ. ಜಿಲ್ಲಾ ಪಂಚಾಯಿತಿಗೆ ಬೇಕು, ಹಾಗಾಗಿ ಪಕ್ಷದ ನಾಯಕರ ಕಣ್ಣಿಗೆ ಒಬ್ಬ ಹೆಂಗಸು ಬೀಳುವುದೂ ಅಲ್ಲೇ. ಆ ಚುನಾವಣೆ 2016ರಲ್ಲಿ ನಡೆಯಿತು, ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ಕ್ಷೇತ್ರ ಪುನರ್ವಿಂಗಡಣೆ, ಹಿಂದುಳಿದ ವರ್ಗಗಳ ಮೀಸಲಾತಿ, ಆಯೋಗ, ಕೋರ್ಟು ಎಂದು ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಆ ಮೆಟ್ಟಿಲೇ ಇಲ್ಲದೆ ಹೋಯಿತು. ಬೆಂಗಳೂರಿನ ಕಥೆಯೂ ಅದೇ. 198 ವಾರ್ಡುಗಳ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ಐದು ವರ್ಷ ಚುನಾಯಿತ ಕಾರ್ಪೊರೇಟರ್ ಇಲ್ಲದೆಯೇ ರಾಜಧಾನಿ ನಡೆಯಿತು. ಪಕ್ಷ ಬದಲಾಯಿತು, ಸರ್ಕಾರ ಬದಲಾಯಿತು, ಈ ಒಂದು ವಿಷಯದಲ್ಲಿ ಎಲ್ಲರದ್ದೂ ಒಂದೇ ಮನಸ್ಸು. ಗಂಡಸರಿಗೂ ನಷ್ಟವಾಯಿತಲ್ಲ ಅನ್ನಬಹುದು. ಆಯಿತು. ಆದರೆ ಗಂಡಸರಿಗೆ ಟಿಕೆಟ್ ತಲುಪುವ ದಾರಿಗಳು ಬೇರೆ ಇವೆ: ಗುತ್ತಿಗೆ, ಸಹಕಾರ ಸಂಘ, ಕೆಎಂಎಫ್, ರಾತ್ರಿ ಹತ್ತರ ಮೇಲಿನ ಮಾತುಕತೆ. ಹೆಂಗಸರಿಗಿದ್ದದ್ದು ಇದೊಂದು ಏಣಿ.

ಏಣಿಯ ತುದಿಯಲ್ಲಿ ವಿಧಾನಸಭೆ. 224 ಸ್ಥಾನ. 2023ರ ಚುನಾವಣೆಯಲ್ಲಿ ಗೆದ್ದ ಹೆಂಗಸರು 10. ಗ್ರಾಮ ಪಂಚಾಯಿತಿಯಲ್ಲಿ ಅರ್ಧ, ವಿಧಾನಸೌಧದಲ್ಲಿ ನೂರಕ್ಕೆ ಐದೂ ಇಲ್ಲ. ಮಹಿಳೆಯರಿಗೆ ಮೂರನೇ ಒಂದು ಸ್ಥಾನ ಕೊಡುವ 106ನೇ ತಿದ್ದುಪಡಿಯನ್ನು ಸಂಸತ್ತು 2023ರ ಸೆಪ್ಟೆಂಬರ್‌ನಲ್ಲಿ ಅಂಗೀಕರಿಸಿತು. ಜನಗಣತಿ ಆಗಬೇಕು, ಕ್ಷೇತ್ರ ವಿಂಗಡಣೆ ಆಗಬೇಕು, ಆಮೇಲೆ ಜಾರಿ ಎಂದು ಅದರೊಳಗೇ ಬರೆದರು. ಮದುವೆ ನಿಶ್ಚಯ, ಮುಹೂರ್ತ ಮಾತ್ರ ಆಮೇಲೆ.

ಕಾಯುವುದರಿಂದ ನಷ್ಟ ಇದೆಯೇ? ಇದೆ ಅನ್ನುವುದಕ್ಕೆ ಆಧಾರವಿದೆ. ಅರ್ಥಶಾಸ್ತ್ರಜ್ಞೆ ಸೋನಿಯಾ ಭಾಲೋತ್ರ ಮತ್ತು ಸಂಗಡಿಗರು 1992ರಿಂದ 2012ರವರೆಗೆ ನಾಲ್ಕು ಸಾವಿರಕ್ಕೂ ಹೆಚ್ಚು ವಿಧಾನಸಭಾ ಕ್ಷೇತ್ರಗಳನ್ನು ನೋಡಿದರು. ಕ್ಷೇತ್ರವಾರು ಆದಾಯದ ಅಂಕಿ ನಮ್ಮಲ್ಲಿ ಸಿಗುವುದಿಲ್ಲವಲ್ಲ, ಅದಕ್ಕೆ ಉಪಗ್ರಹದಿಂದ ಕಾಣುವ ರಾತ್ರಿಯ ಬೆಳಕನ್ನು ಅಳತೆಗೋಲು ಮಾಡಿಕೊಂಡರು. ಹೆಣ್ಣೂ ಗಂಡೂ ಎದುರಾಳಿಗಳಾಗಿ ಕೂದಲೆಳೆಯಲ್ಲಿ ಫಲಿತಾಂಶ ಬಂದ ಕ್ಷೇತ್ರಗಳನ್ನು ಆರಿಸಿಕೊಂಡರು. ಅಲ್ಲಿ ಯಾರು ಗೆದ್ದರು ಅನ್ನುವುದು ಹೆಚ್ಚುಕಡಿಮೆ ನಾಣ್ಯ ಚಿಮ್ಮಿದ ಹಾಗೆ, ಆದ್ದರಿಂದ ಹೋಲಿಕೆ ನ್ಯಾಯವಾದದ್ದು. ಶಾಸಕಿಯರ ಕ್ಷೇತ್ರಗಳಲ್ಲಿ ಆರ್ಥಿಕ ಬೆಳವಣಿಗೆ ವರ್ಷಕ್ಕೆ ಸುಮಾರು 1.8 ಶೇಕಡಾ ಅಂಶ ಹೆಚ್ಚಿತ್ತು. ಕೈಗೆತ್ತಿಕೊಂಡ ಗ್ರಾಮೀಣ ರಸ್ತೆಗಳು ಅರ್ಧಕ್ಕೆ ನಿಲ್ಲುವುದು ಕಡಿಮೆಯಿತ್ತು. ಶಾಸಕಿಯರ ಮೇಲೆ ಕ್ರಿಮಿನಲ್ ಕೇಸುಗಳು ಕಡಿಮೆ, ಅಧಿಕಾರದಲ್ಲಿದ್ದಾಗ ಆಸ್ತಿ ಬೆಳೆಯುವ ವೇಗವೂ ಕಡಿಮೆ. ಹೆಂಗಸರು ಸಹಜವಾಗಿ ಪ್ರಾಮಾಣಿಕರು ಎಂದು ಇದರಿಂದ ತೀರ್ಮಾನಿಸಬೇಡಿ. ತಿನ್ನುವ ಪಂಕ್ತಿಯಲ್ಲಿ ಇನ್ನೂ ಎಲೆ ಹಾಕಿಲ್ಲದೆಯೂ ಇರಬಹುದು.

ಬೇರೆ ದೇಶಗಳನ್ನೂ ಒಂದು ಮಾತಿನಲ್ಲಿ ನೋಡಿಬಿಡೋಣ. ರುವಾಂಡಾದ ಕೆಳಮನೆಯಲ್ಲಿ 2008ರಿಂದ ಅರ್ಧಕ್ಕಿಂತ ಹೆಚ್ಚು ಹೆಂಗಸರಿದ್ದಾರೆ, ಆದರೆ ವಿರೋಧ ಪಕ್ಷ ಬಾಯಿ ಬಿಡಲಾಗದ ಕಡೆ ಆ ಸಂಖ್ಯೆಗೆ ನಾನು ಚಪ್ಪಾಳೆ ತಟ್ಟಲಾರೆ. ನಮಗೆ ಪಾಠವಾಗುವುದು ನೇಪಾಳ. 2017ರ ಸ್ಥಳೀಯ ಚುನಾವಣೆಯಲ್ಲಿ ಅಧ್ಯಕ್ಷ, ಉಪಾಧ್ಯಕ್ಷ ಎರಡಕ್ಕೂ ಅಭ್ಯರ್ಥಿ ನಿಲ್ಲಿಸುವ ಪಕ್ಷ ಅದರಲ್ಲೊಬ್ಬರು ಹೆಂಗಸಾಗಿರಬೇಕು ಎಂದು ಕಾನೂನು ಹೇಳಿತು. ಪಕ್ಷಗಳು ಏನು ಮಾಡಿದವು, ಊಹಿಸಿ. ಹೌದು, ಅದೇ. ಉಪಾಧ್ಯಕ್ಷರಲ್ಲಿ ಶೇ 90ಕ್ಕೂ ಹೆಚ್ಚು ಹೆಂಗಸರು. ದೇಶದ 753 ಸ್ಥಳೀಯ ಸರ್ಕಾರಗಳ ಪೈಕಿ ಹೆಂಗಸರು ಮುಖ್ಯಸ್ಥರಾದದ್ದು 18ರಲ್ಲಿ.

ಇನ್ನೊಂದು ವಿಷಯ ಹೇಳಿ ನಿಲ್ಲಿಸುತ್ತೇನೆ. ಅರ್ಥಶಾಸ್ತ್ರದಿಂದ ರಾಜಕೀಯದ ಕಡೆಗೂ ದಾರಿ ಇದೆ, ನಮ್ಮ ರಾಜ್ಯದಲ್ಲಿ ಆ ದಾರಿ ಹೆಂಗಸರ ಸ್ವಸಹಾಯ ಸಂಘದ ಮೂಲಕ ಹಾದುಹೋಗುತ್ತದೆ. 1980ರ ದಶಕದಲ್ಲಿ ಮೈರಾಡ ಸಂಸ್ಥೆ ಕಟ್ಟಿದ ಸಣ್ಣ ಗುಂಪುಗಳು, 1992ರಲ್ಲಿ ನಬಾರ್ಡ್ ಶುರುಮಾಡಿದ, ಇಂಥ ಗುಂಪುಗಳಿಗೆ ಸಾಲ ಸಿಗುವಂತೆ ಮಾಡುವ ಬ್ಯಾಂಕ್ ಜೋಡಣೆ, 2000ದಲ್ಲಿ ಮೋಟಮ್ಮನವರು ಸಚಿವೆಯಾಗಿದ್ದಾಗ ಬಂದ ಸ್ತ್ರೀಶಕ್ತಿ ಯೋಜನೆ. ವಾರಕ್ಕೊಮ್ಮೆ ಚಾಪೆ ಹಾಸಿ ಕೂತು ಉಳಿತಾಯ ಕಟ್ಟಿ, ನಡಾವಳಿ ಪುಸ್ತಕ ಬರೆದು, ಬ್ಯಾಂಕ್ ಮ್ಯಾನೇಜರ ಎದುರು ನಿಂತು ಮಾತಾಡಿ ರೂಢಿಯಾದ ಹೆಂಗಸಿಗೆ ಗ್ರಾಮಸಭೆಯ ಮೈಕು ಹೆದರಿಕೆ ಹುಟ್ಟಿಸುವುದಿಲ್ಲ. ನಾನು ಕಂಡ ಗಟ್ಟಿ ಸದಸ್ಯೆಯರು ಬಹುಪಾಲು ಸಂಘದಿಂದ ಬಂದವರು. ಇದೇ ಸಂಘದ ಬೆನ್ನಿಗೆ ಈಗ ಮೈಕ್ರೊಫೈನಾನ್ಸ್ ಸಾಲ ಬಿದ್ದಿದೆ. ವಸೂಲಿಯ ಕಾಟ ಎಷ್ಟು ಮಿತಿಮೀರಿತು ಎಂದರೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಮೂರು ಕಡೆ ಕಂತು ಕಟ್ಟಬೇಕಾದವಳು ವಾರ್ಡ್ ಸಭೆಗೆ ಬರುತ್ತಾಳೆ ಅಂದುಕೊಳ್ಳಬೇಡಿ.

ಈಗ ನಿಮ್ಮ ಪ್ರಶ್ನೆಗಳು.

ಒಬ್ಬ ವಿದ್ಯಾರ್ಥಿ: ಮೇಡಂ, ಶಕ್ತಿ ಯೋಜನೆ, ಗೃಹಲಕ್ಷ್ಮಿ ಇವೆಲ್ಲ ಬಿಟ್ಟಿ ಭಾಗ್ಯ ಅಲ್ಲವಾ? ಇದರಿಂದ ಅಭಿವೃದ್ಧಿ ಹೇಗೆ?

ನೀವು ಬೆಳಿಗ್ಗೆ ಬಸ್ಸಿನಲ್ಲಿ ಬಂದಿರಬೇಕು. ಶಕ್ತಿ ಶುರುವಾದದ್ದು 2023ರ ಜೂನ್‌ನಲ್ಲಿ. ಆಮೇಲೆ ನಿಮ್ಮ ಬಸ್ಸಿನಲ್ಲಿ ಕೆಲಸಕ್ಕೆ, ಸಂತೆಗೆ, ಆಸ್ಪತ್ರೆಗೆ ಹೋಗುವ ಹೆಂಗಸರು ಹೆಚ್ಚಾದರೋ ಇಲ್ಲವೋ ನೀವೇ ಹೇಳಿ. ದಿನಗೂಲಿಯಲ್ಲಿ ಬಸ್ ಚಾರ್ಜು ಕಳೆಯದೆ ಉಳಿದರೆ ದೂರದ ಕೆಲಸವೂ ಗಿಟ್ಟುತ್ತದೆ. ಆದರೆ ನಿಮ್ಮ ಪ್ರಶ್ನೆಯಲ್ಲಿ ಒಂದು ನಿಜ ಇದೆ. ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಕೊಡುವವರು ಯಾರು, ಪಡೆಯುವವರು ಯಾರು? ಯೋಜನೆ ಬರೆದ ಮೇಜಿನಲ್ಲಿ ಹೆಂಗಸರು ಎಷ್ಟಿದ್ದರು? ಫಲಾನುಭವಿಗಳ ಪಟ್ಟಿಯಲ್ಲಿ ಕೋಟಿ ಹೆಂಗಸರು, ವಿಧಾನಸಭೆಗೆ ಗೆದ್ದವರು ಹತ್ತು. ನನಗೆ ಆ ಎರಡು ಸಾವಿರದ ಮೇಲೆ ತಕರಾರಿಲ್ಲ, ಆ ಹತ್ತರ ಮೇಲೆ ಇದೆ.

ಒಬ್ಬ ಅಧ್ಯಾಪಕರು: ನೀವು ಹೇಳಿದ ಅಧ್ಯಕ್ಷೆ ಈಗ ಏನು ಮಾಡುತ್ತಿದ್ದಾರೆ?

ಅವಧಿ ಮುಗಿದ ಮೇಲೆ ಮತ್ತೆ ಕೂಲಿಗೆ ಹೋದರು. ಸದಸ್ಯರಿಗೆ ಸಿಗುವ ಗೌರವಧನ ಒಂದು ವಾರದ ಕೂಲಿಗೂ ಸಾಲದು, ಸಭೆಯಿದ್ದ ದಿನ ಕೂಲಿಯೂ ಇಲ್ಲ. ‘ಇನ್ನೊಂದ್ ಸಲ ನಿಲ್ಲಿ’ ಅಂದೆ. ‘ಕೂಲಿ ಬುಟ್ಟು ತಿರುಗಾಡೋಕೆ ನಮ್ಮಂತೋರಿಗೆ ಆಯ್ತದಾ ಮೇಡಮ್ಮೋರೆ’ ಅಂದರು. ನೀರಿನ ಗಂಟೆ? ಅದು ಒಮ್ಮೆ ಹಿಂದಕ್ಕೆ ಹೋಗಿತ್ತಂತೆ. ಕಾಲೋನಿಯ ಹೆಂಗಸರು ಖಾಲಿ ಕೊಡ ಹಿಡಿದು ಪಂಚಾಯಿತಿ ಮುಂದೆ ಕೂತ ಮೇಲೆ ಮತ್ತೆ ಐದೂವರೆಗೆ ಬಂತು.

ಕೊನೆಯ ಪ್ರಶ್ನೆ ಬಾಗಿಲ ಬಳಿಯಿಂದ ಬಂತು. ಟೀ ಲೋಟ ಜೋಡಿಸುತ್ತಿದ್ದ ಕಾಲೇಜಿನ ಆಯಾ ಒಬ್ಬರು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ: ‘ಮೇಡಂ, ನಿಂತ್ಕಬೇಕು ಅಂದ್ರೆ ಠೇವಣಿ ಎಷ್ಟು ಕಟ್ಬೇಕು?’

ಕೆಲವರು ನಕ್ಕರು. ನಾನು ಹೇಳಿದೆ: ಅಮ್ಮಾ, 2020ರ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಹೆಂಗಸರಿಗೆ ನೂರು ರೂಪಾಯಿ ಇತ್ತು. ಇಪ್ಪತ್ತೊಂದು ವರ್ಷ ತುಂಬಿರಬೇಕು, ಆ ಪಂಚಾಯಿತಿಯ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಮೀಸಲು ಸ್ಥಾನವಾದರೆ ಜಾತಿ ಪ್ರಮಾಣ ಪತ್ರವನ್ನು ಮುಂಚೆಯೇ ಮಾಡಿಸಿಟ್ಟುಕೊಳ್ಳಿ, ಕೊನೆಯ ವಾರ ನಾಡಕಚೇರಿಯಲ್ಲಿ ಕ್ಯೂ ಇರುತ್ತದೆ.

‘ನೂರು ರೂಪಾಯಿನೇನಾ? ಮತ್ತೆ ಲಕ್ಷಗಟ್ಲೆ ಖರ್ಚಾಯ್ತದೆ ಅಂತಾರಲ್ಲ?’

ಅದೂ ನಿಜ ಅಂದೆ. ಆ ಲಕ್ಷ ಯಾವುದಕ್ಕೆ ಹೋಗುತ್ತದೆ ಎಂದು ಅವರಿಗೂ ಗೊತ್ತಿತ್ತು, ಸಭಾಂಗಣಕ್ಕೂ ಗೊತ್ತಿತ್ತು. ನಾನು ವೇದಿಕೆಯಿಂದ ಇಳಿದು ಟೀ ಮೇಜಿನ ಹತ್ತಿರ ಹೋದೆ. ಅವರ ವಾರ್ಡಿನಲ್ಲಿ ಎಷ್ಟು ಓಟುಗಳಿವೆ, ಅವರ ಸಂಘದಲ್ಲಿ ಎಷ್ಟು ಜನ, ಕಳೆದ ಸಲ ಗೆದ್ದವರಿಗೆ ಎಷ್ಟು ಬಿದ್ದಿತ್ತು ಎಂದು ಒಂದು ಪೇಪರ್ ಪ್ಲೇಟಿನ ಹಿಂದೆ ಬರೆಯುತ್ತಾ ನಿಂತೆವು.